ಹಾಲ್‌ನಲ್ಲಿ 90, ಹಿಂದಿನ ರೂಮಿನಲ್ಲಿ 6: ಮೋಡೆಮ್ ಬೇರೆ, ರೌಟರ್ ಬೇರೆ ತಗೋಬೇಕಾ?

ಹೆಂಚಿನಮನೆ (ಅಗ್ರಹಾರ, ಮೈಸೂರು)
ಎಲ್ಲರಿಗೂ ನಮಸ್ಕಾರ. ನಮ್ಮದು ಅಗ್ರಹಾರದಲ್ಲಿ ತಾತ ಕಟ್ಟಿಸಿದ ಮನೆ. ಜಗಲಿ, ಹಾಲ್, ನಡುಮನೆ, ಅಡುಗೆಮನೆ, ಅದರಾಚೆ ಒಂದು ರೂಮು, ಎಲ್ಲವೂ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಗೋಡೆಗಳು ಒಂದೂವರೆ ಅಡಿ ದಪ್ಪ. ನಾನು ಆಫೀಸ್ ಕೆಲಸ ಮಾಡೋದು ಕೊನೆಯ ರೂಮಿನಲ್ಲಿ, ಯಾಕೆಂದರೆ ಹಾಲ್ ಅಪ್ಪನ ಟಿವಿಗೆ ಮೀಸಲು.

100 ಎಂಬಿಪಿಎಸ್ ಫೈಬರ್ ಪ್ಲಾನು. ಬಂದ ಹುಡುಗ ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡಿನ ಮೇಲೆ ಡಬ್ಬ ಕೂರಿಸಿ ಹೋದ. ಹಾಲ್‌ನಲ್ಲಿ 90 ಬರುತ್ತೆ. ನನ್ನ ರೂಮಿನಲ್ಲಿ 6, ಕೆಲವು ಸಲ ಅದೂ ಇಲ್ಲ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದ ಫೋಟೋ ಆಗಿ ನಿಂತುಬಿಡ್ತೀನಿ.

ಅಂಗಡಿಯವರು ಆರು ಆಂಟೆನಾದ ರೌಟರ್ ತೋರಿಸಿ 5,500 ಅಂದರು. ಅತ್ತೆಮಗ ಮೋಡೆಮ್ ಬೇರೆ, ರೌಟರ್ ಬೇರೆ ತಗೋ ಅಂತಾನೆ. ಇರೋ ಡಬ್ಬಕ್ಕೆ ಎಲ್ಲರೂ ಮೋಡೆಮ್ ಅಂತಾರೆ, ಅದರ ಹಿಂದೆ ಮಾತ್ರ ಒಎನ್‌ಟಿ ಅಂತ ಬರೆದಿದೆ. ಯಾವುದು ಏನು? ನಾನು ನಿಜಕ್ಕೂ ಕೊಳ್ಳಬೇಕಾದ್ದು ಯಾವುದು?

ತಂತಿಮಾಮ (ಸರಸ್ವತಿಪುರಂ)
ನಾನು ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೆಸರಿನ ಗೊಂದಲ ಎಲ್ಲಿಂದ ಬಂತು ಅಂತ ಹೇಳ್ತೀನಿ ಕೇಳಮ್ಮ.

2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರು ಮಾಡಿದಾಗ ಇಂಟರ್‌ನೆಟ್ ಬರುತ್ತಿದ್ದದ್ದು ಫೋನಿನ ತಾಮ್ರದ ತಂತಿಯಲ್ಲೇ. ಮಾತು ಒಂದು ಕಂಪನದಲ್ಲಿ, ಡೇಟಾ ಅದಕ್ಕಿಂತ ಮೇಲಿನ ಕಂಪನದಲ್ಲಿ. ಆ ಅಲೆಗೆ ಅಂಕಿಗಳನ್ನು ಹೇರಿ ಕಳಿಸೋದು ಮಾಡ್ಯುಲೇಷನ್, ಇಳಿಸಿಕೊಳ್ಳೋದು ಡಿಮಾಡ್ಯುಲೇಷನ್. ಎರಡರ ತಲೆ ಕತ್ತರಿಸಿ ಅಂಟಿಸಿದ ಹೆಸರು ಮೋಡೆಮ್. ಈಗ ನಿಮ್ಮ ಮನೆಗೆ ಬರ್ತಿರೋದು ಬೆಳಕು. ಅದನ್ನು ವಿದ್ಯುತ್ ಸಂಕೇತ ಮಾಡೋ ಯಂತ್ರಕ್ಕೆ ಒಎನ್‌ಟಿ ಅಂತ ಹೆಸರು. ಜನ ಹಳೇ ಹೆಸರು ಬಿಡಲಿಲ್ಲ, ಅಷ್ಟೇ.

ನಿಮ್ಮ ಡಬ್ಬದೊಳಗೆ ನಾಲ್ಕು ಜನ ಕೂತಿದ್ದಾರೆ ಅಂತ ತಿಳಕೊಳ್ಳಿ. ಬೆಳಕು ಇಳಿಸಿಕೊಳ್ಳೋನು ಒಬ್ಬ, ಅವನೇ ಒಎನ್‌ಟಿ. ಹೊರಗಿನ ಒಂದು ವಿಳಾಸವನ್ನು ಮನೆಯ ಹತ್ತು ಸಾಧನಗಳಿಗೆ ಹಂಚೋನು ಇನ್ನೊಬ್ಬ, ಅವನು ರೌಟರ್. ಹಿಂದಿರೋ ತಂತಿ ಪೋರ್ಟ್‌ಗಳನ್ನು ನೋಡಿಕೊಳ್ಳೋನು ಸ್ವಿಚ್. ಗಾಳಿಯಲ್ಲಿ ಕೂಗೋನು ವೈಫೈ. ನಿಮ್ಮ ತಕರಾರು ಇರೋದು ಬಹುಶಃ ನಾಲ್ಕನೆಯವನ ಹತ್ತಿರ ಮಾತ್ರ.

ಒಂದು ಎಚ್ಚರಿಕೆ. ಮೋಡೆಮ್ ಅಂತ ಅಂಗಡಿಯಿಂದ ಏನೂ ತರಬೇಡಿ. ಒಎನ್‌ಟಿಯ ಸೀರಿಯಲ್ ನಂಬರನ್ನು ಕಂಪನಿಯವರು ಆ ಕಡೆಯ ತಮ್ಮ ಯಂತ್ರದಲ್ಲಿ ನೋಂದಾಯಿಸಬೇಕು. ಹೊರಗಿನದು ಚುಚ್ಚಿದರೆ ದೀಪ ಉರಿಯುತ್ತೆ, ಇಂಟರ್‌ನೆಟ್ ಬರಲ್ಲ. ಹಾಗೇ "ಮೋಡೆಮ್ ರೌಟರ್" ಅಂತ ಬರೆದು ಹಿಂದೆ ಸಣ್ಣ ಫೋನ್ ಸಾಕೆಟ್ ಇರೋ ಡಬ್ಬಗಳು ತಾಮ್ರದ ಲೈನಿಗೆ ಮಾಡಿದವು. ಫೈಬರಿನವರು ಅದಕ್ಕೆ ಹೆಚ್ಚಿನ ದುಡ್ಡು ಕೊಡೋದು ದಂಡ.

ಗೋಕುಲಂ ಗೇಮರ್
ಮೇಡಂ, ಸುಮ್ನೆ ಎಂಟು ಆಂಟೆನಾದ ವೈಫೈ 6 ರೌಟರ್ ತಗೊಳ್ಳಿ. ಎರಡು ಗೋಡೆ ಅಲ್ಲ, ನಾಲ್ಕು ಗೋಡೆ ದಾಟುತ್ತೆ. ನಮ್ಮನೇಲಿ ಹಾಕ್ಸಿದ ಮೇಲೆ ಸೂಪರ್.

ಬೋಗಾದಿ ರಿಂಗ್ ರೋಡ್
ಗೇಮರ್, ನಿಮ್ಮದು ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಇರಬೇಕು. ಒಳಗೋಡೆ ನಾಲ್ಕಿಂಚು.

ಆಂಟೆನಾ ಎಷ್ಟೇ ಇರಲಿ, ರೌಟರ್ ಎಷ್ಟು ಜೋರಾಗಿ ಕೂಗಬಹುದು ಅನ್ನೋದಕ್ಕೆ ಕಾನೂನಿನ ಮಿತಿ ಇದೆ. ಇನ್ನೊಂದು ವಿಷಯ ಯಾರೂ ಹೇಳಲ್ಲ: ರೌಟರ್ ಕೂಗಿದ್ದು ಫೋನಿಗೆ ಕೇಳಿಸಿದರೆ ಸಾಲದು, ಫೋನು ಹೇಳಿದ ಉತ್ತರ ರೌಟರಿಗೂ ಕೇಳಿಸಬೇಕು. ಫೋನಿನ ಗಂಟಲು ಚಿಕ್ಕದು. ಅದಕ್ಕೇ ಸಿಗ್ನಲ್ ಕಡ್ಡಿ ಮೂರು ತೋರಿಸ್ತಾ ಇದ್ದರೂ ಮೀಟಿಂಗ್ ನಿಂತುಹೋಗೋದು. ವೈಫೈ 6 ಒಳ್ಳೆಯದೇ. ಸಾಧನಗಳು ಹೆಚ್ಚಿರೋ ಮನೇಲಿ ಅದರ ಸರದಿ ಹಂಚಿಕೆ ಚೆನ್ನಾಗಿರುತ್ತೆ. ಆದರೆ ಗಾರೆಗೋಡೆ ಕೊರೆಯೋ ಶಕ್ತಿ ಅದಕ್ಕೂ ಇಲ್ಲ.

ಹೆಂಚಿನಮನೆಯವರೇ, ದುಡ್ಡು ಬಿಚ್ಚೋ ಮುಂಚೆ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪನ್ನು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ತಗೊಂಡು ಹೋಗಿ, ವೈಫೈ ಆಫ್ ಮಾಡಿ, ಲ್ಯಾನ್ ತಂತಿಯಲ್ಲಿ ನೇರ ಡಬ್ಬಕ್ಕೆ ಚುಚ್ಚಿ ಸ್ಪೀಡ್ ನೋಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ. ತಂತಿಯಲ್ಲೇ ಕಮ್ಮಿ ಬಂದರೆ ತಪ್ಪು ಲೈನಿನದು, ಯಾವ ರೌಟರ್ ತಂದರೂ ಪ್ರಯೋಜನ ಇಲ್ಲ.

ಕಬ್ಬಿನಗದ್ದೆ (ಪಾಂಡವಪುರ, ಮಂಡ್ಯ)
ಅಕ್ಕ, ನಾನು ಫೈಬರ್ ಎಳೆಯೋ ಕೆಲ್ಸದಲ್ಲೇ ಇರೋನು. ಬೋಗಾದಿ ಅಣ್ಣ ಹೇಳಿದ್ದು ದಿಟ. ತಂತಿ ಟೆಸ್ಟ್ ಜತೆಗೆ ಇನ್ನೊಂದು ನೋಡ್ಬುಡಿ. ಡಬ್ಬದ ಸೆಟ್ಟಿಂಗ್ ಪುಟ ತೆಗುದ್ರೆ ಆಪ್ಟಿಕಲ್ ಪವರ್ ಅಂತ ಒಂದು ಸಾಲು ಇರ್ತದೆ. ಮೈನಸ್ 15ರಿಂದ ಮೈನಸ್ 24, 25ರ ಒಳಗಿದ್ರೆ ನೆಮ್ಮದಿ. ಮೈನಸ್ 27 ಅಂದ್ರೆ ಅಂಚಿನ ಮ್ಯಾಲೆ ನಿಂತದೆ ಅಂತ ಅರ್ಥ. ಒಸಿ ಮಳೆ ಗಾಳಿ ಬಂದ್ರೂ ಎಲ್ಓಎಸ್ ದೀಪ (ಬೆಳಕು ಬತ್ತಾ ಇಲ್ಲ ಅಂತ ಹೇಳೋ ದೀಪ) ಕೆಂಪಗಾಯ್ತದೆ. ಆ ಅಂಕಿ 3 ಡಿಬಿ ಇಳಿದ್ರೆ ಬೆಳಕು ಅರ್ಧ ಹೋದಂಗೆ ಕನಕ್ಕ, ಸಣ್ಣ ಅಂಕಿ ಅನ್ಕಬೇಡಿ.

ಕಾರಣ ಬಹಳ ಸಲ ಮನೆವೊಳಗೇ ಇರ್ತದೆ. ಬಾಗಿಲ ಸಂದೀಲಿ ಸಿಕ್ಕಾಕಂಡಿರೋದು, ಮೊಳೆಗೆ ಸುತ್ತಿ ಮಡಚಿರೋದು. ಗಾಜಿನ ಎಳೆ ಅದು, ಬಳೆ ಥರ ದುಂಡಗೆ ಬಗ್ಗಬೇಕು, ಮೂಲೆ ಥರ ಮುರೀಬಾರ್ದು. ಹಸಿರು ಪಿನ್ನಿನ ತುದಿ ಓರೆಯಾಗಿ ಕತ್ತರಿಸಿರ್ತದೆ, ನೀಲೀದು ನೆಟ್ಟಗೆ. ಎರಡನ್ನೂ ಒಂದಕ್ಕೊಂದು ಸೇರಿಸಬಾರ್ದು. ಆಮೇಲೆ ಪಿನ್ ಬಿಚ್ಚಿ ಬೆಳಕು ಬತ್ತಾ ಅದಾ ಅಂತ ಕಣ್ಣಿಟ್ಟು ನೋಡೋರವ್ರೆ. ದಯವಿಟ್ಟು ಬ್ಯಾಡಿ. ಆ ಬೆಳಕು ಕಣ್ಣಿಗೆ ಕಾಣಾಕಿಲ್ಲ, ಕಂಡಿಲ್ಲ ಅಂತ ಏನೂ ಆಗಾಕಿಲ್ಲ ಅಂತಲ್ಲ.

ಫೈಬರ್ ಕಡಿಯಾಕೆ ನಮ್ ಕಡೆ ಇಲಿ, ನಿಮ್ ಕಡೆ ಕೋತಿ. ಅದುಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಹೆಂಚಿನಮನೆ
ಟೆಸ್ಟ್ ಮಾಡಿದೆ. ತಂತಿಯಲ್ಲಿ ಬೆಳಿಗ್ಗೆ 93, ರಾತ್ರಿ 91. ಪವರ್ ಮೈನಸ್ 21. ಅಂದರೆ ಲೈನ್ ಸರಿ ಇದೆ, ಗೋಡೆಯೇ ಶತ್ರು?

ಗೋಕುಲಂ ಗೇಮರ್
ಒಂದ್ನಿಮಿಷ. ನಂದು 300ರ ಪ್ಲಾನು. ಈಗ ತಂತಿಯಲ್ಲಿ ನೋಡಿದ್ರೆ 94! ವೈಫೈನಲ್ಲೇ 250 ಬರುತ್ತೆ. ಇದೇನ್ ಕಥೆ?

ಬೋಗಾದಿ ರಿಂಗ್ ರೋಡ್
ಸರಿಯಾಗಿ 94ಕ್ಕೆ ನಿಂತರೆ ಅದು 100ರ ಬೇಲಿ. ಡಬ್ಬದ ಪೋರ್ಟ್ ಅಥವಾ ಲ್ಯಾಪ್‌ಟಾಪಿನ ಪೋರ್ಟ್ 100 ಎಂಬಿಪಿಎಸ್‌ದು ಇರಬಹುದು, ಇಲ್ಲವೇ ತಂತಿ. ಲ್ಯಾನ್ ಕೇಬಲ್ಲಿನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದೆಳೆ ಸಡಿಲವಾದರೂ ಎರಡೂ ಕಡೆಯವರು ಮಾತಾಡಿಕೊಂಡು ಸದ್ದಿಲ್ಲದೆ 100ಕ್ಕೆ ಇಳಿದುಬಿಡ್ತಾರೆ. ಕೇಬಲ್ ಬದಲಾಯಿಸಿ ನೋಡಿ.

ಹೆಂಚಿನಮನೆಯವರೇ, ನಿಮ್ಮ ಪ್ಲಾನೇ 100, ಹಾಗಾಗಿ 93 ಅಂದರೆ ಪೂರ್ತಿ ಬಂದ ಹಾಗೆ. ಈಗ ಹೊಸ ರೌಟರ್ ಬೇಕಾ ಅನ್ನೋದಕ್ಕಿಂತ ಅದು ಎಲ್ಲಿ ಕೂರಬೇಕು ಅನ್ನೋದು ಮುಖ್ಯ. ನನ್ನ ಮಾತು ಕೇಳೋದಾದರೆ ಒಂದು ಲ್ಯಾನ್ ಕೇಬಲ್ಲನ್ನು ನಿಮ್ಮ ಹಿಂದಿನ ರೂಮಿನವರೆಗೆ ಎಳೆದು, ಅಲ್ಲಿ ಸಾಧಾರಣ ರೌಟರ್ ಒಂದನ್ನು ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಕೂಗೋ ಡಬ್ಬ) ಮಾಡಿ. ಎರಡು ಸಾವಿರದೊಳಗೆ ಮುಗಿಯುತ್ತೆ. 5,500 ಕೊಟ್ಟು ಚಪ್ಪಲಿ ಸ್ಟ್ಯಾಂಡಿನ ಮೇಲೆ ಹೊಸದನ್ನು ಕೂರಿಸಿದರೆ ಚಪ್ಪಲಿಗಳಿಗೆ ಒಳ್ಳೇ ಸಿಗ್ನಲ್ ಸಿಗುತ್ತೆ.

ವಿದ್ಯಾನಗರದ ಮೇಷ್ಟ್ರು (ಮಂಡ್ಯ)
ಮಧ್ಯೆ ಬಾಯಿ ಹಾಕ್ತೀನಿ. ರಿಪೀಟರ್ ಅಂತ ಗೋಡೆಯ ಪ್ಲಗ್ಗಿಗೆ ಹಾಕೋದು 1,200ಕ್ಕೆ ಸಿಗುತ್ತಲ್ಲ, ಕೇಬಲ್ ಎಳೆಯೋ ತಾಪತ್ರಯವೇ ಇಲ್ಲ. ನಾನು ಮೊಮ್ಮಗಳ ರೂಮಿಗೆ ಹಾಕಿದೆ. ಕಡ್ಡಿ ಪೂರ್ತಿ ತೋರಿಸುತ್ತೆ, ವಿಡಿಯೋ ಮಾತ್ರ ಓಡಲ್ಲ.

ಬೋಗಾದಿ ರಿಂಗ್ ರೋಡ್
ಮೇಷ್ಟ್ರೇ, ಅದನ್ನು ಮೊಮ್ಮಗಳ ರೂಮಿನಲ್ಲೇ ಹಾಕಿದ್ದೀರಿ, ಅಲ್ಲವೇ? ಅಲ್ಲಿಗೆ ಬರೋದೇ ಅರೆಬರೆ ಸಿಗ್ನಲ್. ಅರೆಬರೆ ಕೇಳಿಸಿಕೊಂಡದ್ದನ್ನು ಜೋರಾಗಿ ಹೇಳಿದರೆ ಅರ್ಥ ಆಗುತ್ತಾ? ಕಡ್ಡಿ ಪೂರ್ತಿ ಇರೋದು ನಿಮ್ಮ ಫೋನಿಗೂ ರಿಪೀಟರಿಗೂ ಮಧ್ಯೆ ಮಾತ್ರ. ಅದನ್ನು ಅರ್ಧ ದಾರಿಗೆ, ಇನ್ನೂ ಚೆನ್ನಾಗಿ ಬರೋ ಜಾಗಕ್ಕೆ ತನ್ನಿ. ಆಗಲೂ ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ ಅದೇ ರೇಡಿಯೋದಲ್ಲಿ ಹೇಳಬೇಕು, ವೇಗ ಹೆಚ್ಚುಕಮ್ಮಿ ಅರ್ಧ. ಬಾಡಿಗೆ ಮನೆ, ಕೇಬಲ್ ಎಳೆಯೋಕೆ ಆಗಲ್ಲ ಅನ್ನೋರಿಗೆ ಸರಿ.

ತಂತಿಮಾಮ
ಹಳೇ ಮನೆಯಲ್ಲಿ ಕೇಬಲ್ ಎಳೆಯೋ ಬಗ್ಗೆ ನಾಲ್ಕು ಮಾತು, ಇದರಲ್ಲಿ ನನ್ನ ಕೈ ಪಳಗಿದೆ. ಒಂದೂವರೆ ಅಡಿ ಗೋಡೆ ಕೊರೆಯೋಕೆ ಹೋಗಬೇಡಿ. ಗಾರೆ ಉದುರೋಕೆ ಶುರುವಾದರೆ ನಿಲ್ಲೋದಿಲ್ಲ. ಹೆಂಚಿನ ಮನೆ ಅಂದಮೇಲೆ ಅಟ್ಟ ಇರುತ್ತೆ, ಗೋಡೆಯ ಮೇಲೆ ತೊಲೆ ಕೂತ ಕಡೆ ಸಂದು ಇದ್ದೇ ಇರುತ್ತೆ. ಅಲ್ಲಿಂದ ದಾಟಿಸಿ. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ, ಅಡ್ಡ ಬಂದರೆ ನೇರ ಕೋನದಲ್ಲಿ ದಾಟಿಸಿ. ಬಚ್ಚಲ ಒಲೆ ಹೊಗೆ ಹೋಗೋ ಕಡೆ ಬೇಡ.

ಕೇಬಲ್ ಕೊಳ್ಳುವಾಗ "ಪೂರ್ತಿ ತಾಮ್ರವೇ?" ಅಂತ ಬಾಯಿಬಿಟ್ಟು ಕೇಳಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟದ್ದು ಅಗ್ಗಕ್ಕೆ ಸಿಗುತ್ತೆ. ತುದಿಯನ್ನು ಚಾಕುವಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತೆ. ಕೈಯಲ್ಲಿ ಹಗುರ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತೆ. ಕ್ಯಾಟ್ 5ಇ ಅನ್ನೋ ದರ್ಜೆಯ ಕೇಬಲ್ ಆದರೂ 100 ಮೀಟರ್‌ವರೆಗೆ ಗಿಗಾಬಿಟ್ ಹೊರುತ್ತೆ. ಒಮ್ಮೆ ಅಟ್ಟಕ್ಕೆ ಹತ್ತಿದ ಮೇಲೆ ಕ್ಯಾಟ್ 6 ಹಾಕಿಬಿಡಿ, ಮತ್ತೆ ಯಾರು ಹತ್ತುತ್ತಾರೆ.

ಗೋಕುಲಂ ಗೇಮರ್
ಕೇಬಲ್ ಬದಲಾಯಿಸಿದೆ, 287!! ಎರಡು ವರ್ಷ ಆ ಹಳೇ ಕೇಬಲ್ಲಿನಲ್ಲೇ ಆಡಿದ್ದೀನಿ. ಬೋಗಾದಿ ಸಾರ್‌ಗೆ ಒಂದು ಮೈಲಾರಿ ದೋಸೆ ಬಾಕಿ.

ಇನ್ನೊಂದು ಡೌಟು. ಡಬ್ಬವನ್ನು ಬ್ರಿಡ್ಜ್ ಮೋಡಿಗೆ ಹಾಕಿ, ನನ್ನ ರೌಟರೇ ಎಲ್ಲ ನೋಡಿಕೊಳ್ಳೋ ಹಾಗೆ ಮಾಡಿದರೆ ಗೇಮಿನಲ್ಲಿ ನ್ಯಾಟ್ (ಹೊರಗಿನ ಒಂದು ವಿಳಾಸವನ್ನು ಎಲ್ಲ ಸಾಧನಗಳಿಗೆ ಹಂಚೋದು) ಸ್ಟ್ರಿಕ್ಟ್ ಅಂತ ಬರೋದು ಹೋಗುತ್ತಾ?

ಬೋಗಾದಿ ರಿಂಗ್ ರೋಡ್
ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಹೆಂಚಿನಮನೆಯವರೂ ಓದಲಿ.

ಎರಡನೇ ಡಬ್ಬವನ್ನು ಎರಡು ಬಗೆಯಲ್ಲಿ ದುಡಿಸಬಹುದು. ಆಕ್ಸೆಸ್ ಪಾಯಿಂಟ್ ಮಾಡಿದರೆ ಕಂಪನಿಯ ಡಬ್ಬವೇ ಯಜಮಾನ, ಹೊಸದು ಬರೀ ವೈಫೈ ಕೂಗೋನು. ಬ್ರಿಡ್ಜ್ ಮಾಡಿದರೆ ಕಂಪನಿಯ ಡಬ್ಬ ಬೆಳಕು ಇಳಿಸಿ ಸುಮ್ಮನಾಗುತ್ತೆ, ಯಜಮಾನಿಕೆ ನಿಮ್ಮ ರೌಟರಿಗೆ. ಎರಡೂ ಬಿಟ್ಟು ಹೊಸದನ್ನು ವ್ಯಾನ್ ಪೋರ್ಟಿಗೆ (ಹೊರಗಿನ ಲೈನ್ ಬರೋ ಪೋರ್ಟ್) ಚುಚ್ಚಿ ಹಾಗೇ ಬಿಟ್ಟರೆ ಮನೆಯಲ್ಲಿ ಇಬ್ಬರು ಯಜಮಾನರು. ಅದನ್ನೇ ಡಬಲ್ ನ್ಯಾಟ್ ಅನ್ನೋದು. ಬ್ರೌಸಿಂಗ್, ವಿಡಿಯೋ ನಡೆಯುತ್ತೆ. ಗೇಮು, ಹೊರಗಿನಿಂದ ಸಿಸಿಟಿವಿ ನೋಡೋದು, ಇಂಥವು ಒದ್ದಾಡುತ್ತವೆ. ಎರಡೂ ಡಬ್ಬ 192.168.1.1 ಅನ್ನೋ ಒಂದೇ ವಿಳಾಸ ಹೇಳಿಕೊಂಡರಂತೂ ಯಾರು ಯಾರೆಂದೇ ಗೊತ್ತಾಗಲ್ಲ.

ಬ್ರಿಡ್ಜಿಗೆ ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗೋ ವಿಧಾನ) ಹೆಸರು, ಪಾಸ್‌ವರ್ಡ್ ಬೇಕು, ವಿಲ್ಯಾನ್ ನಂಬರ್ (ಲೈನಿನಲ್ಲಿ ಇಂಟರ್‌ನೆಟ್ಟಿಗೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ) ಗೊತ್ತಿರಬೇಕು. ಎಲ್ಲ ಕಂಪನಿಯವರೂ ಪಿಪಿಪಿಒಇ ಬಳಸಲ್ಲ, ಬಳಸೋರೂ ಎಲ್ಲರೂ ಕೇಳಿದ ತಕ್ಷಣ ಕೊಡಲ್ಲ. ಎಂಟಿಯು (ಒಂದು ಸಲಕ್ಕೆ ಕಳಿಸೋ ಡೇಟಾ ಕಟ್ಟಿನ ಗರಿಷ್ಠ ಗಾತ್ರ) 1492 ಇರಲಿ, ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ಇಟ್ಟುಕೊಳ್ಳುತ್ತೆ. ಅದು ತಪ್ಪಿದರೆ ಕೆಲವು ಸೈಟು ತೆರೆಯುತ್ತವೆ, ಕೆಲವು ಸುಮ್ಮನೆ ಸುತ್ತುತ್ತಾ ಕೂರುತ್ತವೆ. ಡಬ್ಬಕ್ಕೆ ಲ್ಯಾಂಡ್‌ಲೈನ್ ಫೋನ್ ಸೇರಿಸಿದ್ದರೆ ಬ್ರಿಡ್ಜ್ ಮಾಡಿದ ಮೇಲೂ ಅದು ನಡೆಯುತ್ತಾ ಅಂತ ಮೊದಲೇ ಕೇಳಿ.

ಗೇಮರ್, ಇಷ್ಟೆಲ್ಲ ಮಾಡೋ ಮುಂಚೆ ಈಗಿರೋ ಡಬ್ಬದಲ್ಲಿ ವ್ಯಾನ್ ಐಪಿ, ಅಂದರೆ ಹೊರಗಿನ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ಕಂಪನಿಯವರೇ ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂರಿಸಿದ್ದಾರೆ, ಅದು ಸಿಜಿನ್ಯಾಟ್. ಆ ಬೀಗ ನಿಮ್ಮ ಮನೆಯೊಳಗಿಲ್ಲ. ಐಪಿವಿ6 (ಹೊಸ ಬಗೆಯ ವಿಳಾಸ) ಇದೆಯಾ ನೋಡಿ, ಇಲ್ಲವೇ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ.

ವಿದ್ಯಾನಗರದ ಮೇಷ್ಟ್ರು
ಬ್ರಿಡ್ಜ್ ಬಗ್ಗೆ ನನ್ನ ಅನುಭವ. ಅಳಿಯ ಕೂತು ಒಂದು ಭಾನುವಾರ ಪೂರ್ತಿ ಮಾಡಿಕೊಟ್ಟ. ಮೂರು ತಿಂಗಳು ಸೊಗಸಾಗಿತ್ತು. ಲೈನ್ ಹೋದಾಗ ರಿಪೇರಿಗೆ ಬಂದ ಹುಡುಗ, ನಾನು "ಬೇಡಪ್ಪಾ" ಅನ್ನೋದರೊಳಗೆ ಪಿನ್ ಚುಚ್ಚಿ ರೀಸೆಟ್ ಮಾಡಿದ. ಹೋಯಿತು. ಅಳಿಯ ಬೆಂಗಳೂರಿನಲ್ಲಿ, ಪಾಸ್‌ವರ್ಡ್ ಬರೆದ ಚೀಟಿ ಯಾವ ಪುಸ್ತಕದಲ್ಲೋ. ಕಂಪನಿಗೆ ಫೋನ್ ಮಾಡಿದರೆ "ಹೊರಗಿನ ರೌಟರಿಗೆ ನಾವು ಜವಾಬ್ದಾರರಲ್ಲ". ನಾಲ್ಕು ದಿನ ಮೊಮ್ಮಗಳು ನನ್ನ ಮುಖ ನೋಡಲಿಲ್ಲ. ನಮ್ಮಂಥವರಿಗೆ ಆಕ್ಸೆಸ್ ಪಾಯಿಂಟೇ ಕ್ಷೇಮ.

ಕಬ್ಬಿನಗದ್ದೆ
ಮೇಷ್ಟ್ರೇ, ಆ ಹುಡುಗನ ಪರವಾಗಿ ಒಸಿ ಹೇಳ್ತೀನಿ. ದಿನಕ್ಕೆ ಹದಿನೈದು ಮನೆ ಮುಗುಸ್ಬೇಕು ನಾವು. ರೀಸೆಟ್ ಹೊಡುದ್ರೆ ನೂರಕ್ಕೆ ಎಂಬತ್ತು ಸರಿಯೋಯ್ತದೆ ಅನ್ನೋದು ಅಭ್ಯಾಸ. ಡಬ್ಬದ ಮ್ಯಾಲೆ "ಬ್ರಿಡ್ಜ್, ರೀಸೆಟ್ ಮಾಡಬೇಡಿ" ಅಂತ ಚೀಟಿ ಅಂಟಿಸ್ಬುಡಿ, ಯಾರೂ ಮುಟ್ಟಾಕಿಲ್ಲ.

ಹೆಂಚಿನಮನೆ
ಆಕ್ಸೆಸ್ ಪಾಯಿಂಟ್ ಅಂತ ತೀರ್ಮಾನ ಮಾಡಿದೆ. ಅತ್ತೆಮಗನ ಮನೆಯಲ್ಲಿ ಬಿದ್ದಿದ್ದ ಹಳೇ ಡ್ಯುಯಲ್ ಬ್ಯಾಂಡ್ (2.4, 5 ಗಿಗಾಹರ್ಟ್ಸ್ ಎರಡೂ ಇರೋ) ರೌಟರ್ ಸಿಕ್ಕಿತು. ಇಪ್ಪತ್ತು ಮೀಟರ್ ಕ್ಯಾಟ್ 6 ತಂದು, ಅಪ್ಪ ಏಣಿ ಹಿಡಿದು, ನಾನು ಅಟ್ಟ ಹತ್ತಿದೆ. ತಂತಿಮಾಮ ಹೇಳಿದ ಹಾಗೆ ತೊಲೆ ಪಕ್ಕ ಸಂದು ಇತ್ತು. ಅದರ ಜೊತೆ ಅಜ್ಜಿಯ ಒಂದು ಹಿತ್ತಾಳೆ ಕೊಳಗವೂ ಸಿಕ್ಕಿತು.

ಆದರೆ ಈಗ ಮನೆಯಲ್ಲಿ ಇಂಟರ್‌ನೆಟ್ಟೇ ಇಲ್ಲ! ಅಪ್ಪನ ಟಿವಿ, ನನ್ನ ಫೋನು ಎಲ್ಲ ಕನೆಕ್ಟೆಡ್ ಅನ್ನುತ್ತೆ, ಏನೂ ಓಡಲ್ಲ. ಲ್ಯಾನಿಂದ ಲ್ಯಾನಿಗೇ ಚುಚ್ಚಿದ್ದೀನಿ. ಅಪ್ಪ ಸೀರಿಯಲ್ ತಪ್ಪಿತು ಅಂತ ಮಾತು ಬಿಟ್ಟಿದ್ದಾರೆ.

ಬೋಗಾದಿ ರಿಂಗ್ ರೋಡ್
ಹಳೇ ರೌಟರಿನ ಡಿಹೆಚ್‌ಸಿಪಿ ಆಫ್ ಮಾಡಿದಿರಾ? ಮನೆಯ ಪ್ರತಿ ಸಾಧನಕ್ಕೂ ಒಳಗಿನ ವಿಳಾಸ ಹಂಚೋ ಕೆಲಸ ಅದು. ಈಗ ಇಬ್ಬರು ಹಂಚ್ತಿದ್ದಾರೆ. ಹಳೇದು ಎಲ್ಲರಿಗೂ "ಹೊರಗೆ ಹೋಗೋ ಬಾಗಿಲು ನಾನೇ" ಅನ್ನುತ್ತೆ, ಅದರ ಹಿಂದೆ ಬಾಗಿಲೇ ಇಲ್ಲ.

ಆ ಕೇಬಲ್ ಕೀಳಿ. ಲ್ಯಾಪ್‌ಟಾಪನ್ನು ಹಳೇ ರೌಟರಿಗೆ ಮಾತ್ರ ಸೇರಿಸಿ. ಮೊದಲು ಅದರ ವಿಳಾಸವನ್ನು 192.168.1.2 ಮಾಡಿ, ಆಮೇಲೆ ಡಿಹೆಚ್‌ಸಿಪಿ ಆಫ್. ಕಂಪನಿಯ ಡಬ್ಬ 192.168.1.1 ಇದ್ದರೆ ಮಾತ್ರ ಈ ಅಂಕಿ, ಅದು ಬೇರೆ ಸಾಲಿನಲ್ಲಿದ್ದರೆ ಇದೂ ಅದೇ ಸಾಲಿಗೆ ಬರಬೇಕು. ಸೇವ್ ಮಾಡಿ ಮತ್ತೆ ಕೇಬಲ್ ಚುಚ್ಚಿ, ಎರಡನ್ನೂ ಒಮ್ಮೆ ಆರಿಸಿ ಹಾಕಿ.

ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ, ಫೋನು ತಾನೇ ಹತ್ತಿರದ್ದಕ್ಕೆ ದಾಟಿಕೊಳ್ಳುತ್ತೆ. ಚಾನೆಲ್ ಮಾತ್ರ ಬೇರೆ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲು 1, 6, 11 ಮೂರೇ. ಮುಂದಿನದಕ್ಕೆ 1, ಹಿಂದಿನದಕ್ಕೆ 11 ಕೊಡಿ. ಅಗ್ರಹಾರದಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಪಕ್ಕದವರ ವೈಫೈ ಎಲ್ಲ ನಿಮ್ಮನೆಯಲ್ಲೇ ಇರುತ್ತೆ. ಅದಕ್ಕೆ ಕೆಲಸದ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಅದು ಗೋಡೆ ದಾಟಲ್ಲ ಅನ್ನೋದೇ ಇಲ್ಲಿ ಉಪಕಾರ, ಪಕ್ಕದವರದ್ದೂ ಒಳಗೆ ಬರಲ್ಲ. ಡಬ್ಲ್ಯುಪಿಎಸ್ (ಗುಂಡಿ ಒತ್ತಿ ವೈಫೈ ಸೇರಿಸೋ ಸೌಲಭ್ಯ) ಆಫ್ ಮಾಡಿ, ಸೆಟ್ಟಿಂಗ್ ಪುಟದ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ.

ವಿದ್ಯಾನಗರದ ಮೇಷ್ಟ್ರು
ಇದನ್ನೂ ಕೇಳಿಬಿಡ್ತೀನಿ. ಚೆಸ್ಕಾಂನವರು ಕರೆಂಟ್ ತೆಗೆದಾಗ ಎರಡು ಡಬ್ಬಕ್ಕೂ ಒಂದೇ ಮಿನಿ ಯುಪಿಎಸ್ ಸಾಕೇ?

ತಂತಿಮಾಮ
ಎರಡೂ ಅಡಾಪ್ಟರಿನ ಮೇಲೆ ಓದಿ. ಎರಡೂ 12 ವೋಲ್ಟ್ ಇದ್ದರೆ ಆಂಪಿಯರ್ ಕೂಡಿಸಿ, ಯುಪಿಎಸ್ ಅಷ್ಟು ಕೊಡಬೇಕು. ಕೆಲವು ರೌಟರು 9 ವೋಲ್ಟಿನವು. ಅದಕ್ಕೆ 12ರ ಪಿನ್ ಸಲೀಸಾಗಿ ಹೊಕ್ಕುತ್ತೆ, ಹೊಕ್ಕಿತು ಅಂತ ಹಾಕಿದರೆ ರೌಟರ್ ಸುಟ್ಟೀತು. ಡಬ್ಬದ ಮೇಲಿನ 10,000 ಎಂಎಎಚ್ ನೋಡಿ ಹಿಗ್ಗಬೇಡಿ, ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಅಂದರೆ 37 ವ್ಯಾಟ್ ಅವರ್. ಎರಡು ಡಬ್ಬ ಸೇರಿ 12 ವ್ಯಾಟ್ ತಿಂದರೆ, ನಷ್ಟ ಕಳೆದು ಎರಡೂವರೆ ಗಂಟೆ. ಸಿಡಿಲಿನ ದಿನ ಪ್ಲಗ್ ಕಿತ್ತಿಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯಲ್ಲ ನಿಜ, ಆದರೆ ಅಡಾಪ್ಟರ್ ಕಡೆಯಿಂದ ಬರೋದನ್ನು ಯಾರು ತಡೆಯುತ್ತಾರೆ?

ಹೆಂಚಿನಮನೆ
ಡಿಹೆಚ್‌ಸಿಪಿಯೇ! ಆಫ್ ಮಾಡಿದ ಮೇಲೆ ಎಲ್ಲ ಸರಿಹೋಯಿತು. ಹಿಂದಿನ ರೂಮಿನಲ್ಲಿ ಮೊದಲು 38 ಬಂತು. ನೋಡಿದರೆ ರೌಟರಿಗೂ ನನ್ನ ಮೇಜಿಗೂ ಮಧ್ಯೆ ಅಮ್ಮನ ಕಬ್ಬಿಣದ ಬೀರು. ರೌಟರನ್ನು ಬೀರುವಿನ ಮೇಲಕ್ಕೆ ಎತ್ತಿಟ್ಟೆ, 82. ಖರ್ಚು ಕೇಬಲ್ಲು, ಕ್ಲಿಪ್ಪು, ಎರಡು ಪಿನ್ನು ಸೇರಿ 640 ರೂಪಾಯಿ.

ಇವತ್ತು ಒಂದೂಕಾಲು ಗಂಟೆ ಮೀಟಿಂಗು, ಒಂದು ಸಲವೂ ಫೋಟೋ ಆಗಲಿಲ್ಲ. ಕೊಳಗ ತೊಳೆದು ಹುಣಸೆಹಣ್ಣು ಹಚ್ಚಿ ಅಪ್ಪ ಅದನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ, ಕಂಪನಿಯ ಡಬ್ಬದ ಮುಂದೆಯೇ ಇಟ್ಟಿದ್ದಾರೆ. ಚೆನ್ನಾಗಿ ಕಾಣುತ್ತಂತೆ.

ಕಬ್ಬಿನಗದ್ದೆ
ಹಿತ್ತಾಳೆ ಕೊಳಗನಾ? ಎತ್ಲಾಗಾರ ಸರಿಸ್ರಕ್ಕ ಅದ, ಇಲ್ದಿದ್ರೆ ನಿಮ್ಮಪ್ಪಾಜಿ ಸೀರಿಯಲ್ ನಿಂತೋಯ್ತದೆ.